ಮಕ್ಕಳನ್ನು ಕರೆದುಕೊಂಡು ಹೋಗಬಹುದೆ? ಸಿನಿಮಾ ಪ್ರಮಾಣಪತ್ರ ಮತ್ತು ತಂದೆತಾಯಂದಿರು



ಸಿನಿಮಾ ವಿಮರ್ಶೆ ಬರೆಯುವವರಿಗೆ ಶುಕ್ರವಾರ ಸಂಜೆಯಿಂದ ಫೋನು ಶುರುವಾಗುತ್ತದೆ. ಸಿನಿಮಾ ಚೆನ್ನಾಗಿದೆಯೇ ಎಂದು ಈಗ ಯಾರೂ ನಮ್ಮನ್ನು ಕೇಳುವುದಿಲ್ಲ. ಅದನ್ನು ಮೊದಲ ಆಟದ ಇಂಟರ್‌ವಲ್ಲಿಗೇ ಊರಿಗೆಲ್ಲ ಹೇಳುವವರು ಬೇಕಾದಷ್ಟಿದ್ದಾರೆ. ಕೇಳುವುದು ಇಷ್ಟು: ‘ಸಾರ್, ಮಕ್ಕಳನ್ನ ಕರ್ಕೊಂಡು ಹೋಗಬಹುದಾ?’ ವಯಸ್ಸೆಷ್ಟು ಎಂದರೆ, ‘ದೊಡ್ಡವಳು ಏಳನೇ ಕ್ಲಾಸು, ಚಿಕ್ಕವನು ಯುಕೆಜಿ, ಅತ್ತೇನೂ ಬರ್ತಾರೆ’ ಎಂಬ ಉತ್ತರ ಬರುತ್ತದೆ. ಕಷ್ಟ ಇರುವುದೇ ಇಲ್ಲಿ. ಟಿಕೆಟ್ ಬುಕ್ ಆಗುವುದು ಒಂದೇ ಸಲ, ಆದರೆ ಆ ಸಾಲಿನಲ್ಲಿ ಕೂರುವವರು ಐದು ವರ್ಷದವನಿಂದ ಎಪ್ಪತ್ತು ವರ್ಷದವರವರೆಗೆ ಇರುತ್ತಾರೆ. ನಮ್ಮ ದೇಶದಲ್ಲಿ ಸಿನಿಮಾ ಎಂದರೆ ಇವತ್ತಿಗೂ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವ ಕಾರ್ಯಕ್ರಮ. ಮಗುವನ್ನು ಬಿಟ್ಟು ಹೋಗಲು ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಈ ಪ್ರಶ್ನೆಗೆ ಸರ್ಕಾರದ ಕಡೆಯಿಂದ ಒಂದು ಉತ್ತರವಿದೆ. ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ, ಅಂದರೆ ನಾವೆಲ್ಲ ಇನ್ನೂ ಸೆನ್ಸಾರ್ ಎಂದೇ ಕರೆಯುವ ಸಂಸ್ಥೆ, ಪ್ರತಿ ಚಿತ್ರಕ್ಕೂ ಒಂದು ದರ್ಜೆ ಕೊಡುತ್ತದೆ. ಆ ಉತ್ತರ ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಅರ್ಧಕ್ಕೆ ನಿಲ್ಲುತ್ತದೆ ಎಂಬುದನ್ನು ಇವತ್ತು ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಿನ ಸಂಖ್ಯೆ ಬಂದದ್ದು ಒಳ್ಳೆಯದಾಯಿತು. ಆದರೆ ಏತಕ್ಕಾಗಿ ಆ ಸಂಖ್ಯೆ ಎಂಬ ಕಾರಣ ಜೊತೆಗೆ ಬರದಿದ್ದರೆ ತಾಯಿಗೆ ಅದರಿಂದ ಆಗುವ ಉಪಕಾರ ಕಡಿಮೆ.

ಥಿಯೇಟರಿನಲ್ಲಿ ದೀಪ ಆರಿದ ಮೇಲೆ ಪ್ರಮಾಣಪತ್ರ ಪರದೆಯ ಮೇಲೆ ಬರುತ್ತದಲ್ಲ, ಅದನ್ನು ಯಾರಾದರೂ ಓದಿದ್ದನ್ನು ನಾನು ಕಂಡಿಲ್ಲ. ಅದು ಬಂದ ಕೂಡಲೇ ಶಿಳ್ಳೆ ಬೀಳುತ್ತದೆ, ಸಿನಿಮಾ ಶುರುವಾಯಿತು ಎಂಬುದಕ್ಕೆ. ಚಿತ್ರದ ಹೆಸರು, ಭಾಷೆ, ಅವಧಿ, ನಿರ್ಮಾಪಕರ ಹೆಸರು, ದರ್ಜೆ ಎಲ್ಲ ಅದರಲ್ಲಿರುತ್ತದೆ. ಆದರೆ ಅಷ್ಟು ಹೊತ್ತಿಗೆ ಟಿಕೆಟ್ಟಿನ ದುಡ್ಡು ಹೋಗಿರುತ್ತದೆ, ಪಾಪ್‌ಕಾರ್ನ್ ಕೈಯಲ್ಲಿರುತ್ತದೆ, ಮಗು ತೊಡೆಯ ಮೇಲಿರುತ್ತದೆ. ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಎಂಬುದನ್ನು ನಮ್ಮ ಮಕ್ಕಳು ಬಾಯಿಪಾಠ ಹೇಳುತ್ತಾರೆ. ತಾವು ನೋಡುತ್ತಿರುವ ಸಿನಿಮಾ ತಮ್ಮ ವಯಸ್ಸಿಗೆ ಆಗುವಂಥದ್ದೇ ಎಂದು ಮಾತ್ರ ದೊಡ್ಡವರಿಗೂ ಗೊತ್ತಿರುವುದಿಲ್ಲ. ಜಾಹೀರಾತಿನಲ್ಲೂ ಪೋಸ್ಟರಿನಲ್ಲೂ ದರ್ಜೆಯನ್ನು ತೋರಿಸಬೇಕೆಂದು ನಿಯಮವಿದೆ. ತೋರಿಸುತ್ತಾರೆ, ನಾಯಕನ ಚಪ್ಪಲಿಯ ಕೆಳಗೆ ಎಲ್ಲೋ ಒಂದು ಮೂಲೆಯಲ್ಲಿ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1918ರ ಬ್ರಿಟಿಷ್ ಕಾಯ್ದೆಯ ಪ್ರಕಾರ 1920ರಲ್ಲಿ ಬೊಂಬಾಯಿ, ಕಲ್ಕತ್ತಾ, ಮದರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಕೂತವು. ಅವರ ಚಿಂತೆ ಮಕ್ಕಳದ್ದಾಗಿರಲಿಲ್ಲ, ಸಾಮ್ರಾಜ್ಯದ್ದಾಗಿತ್ತು. ಮಗುವಿನ ವಯಸ್ಸು ಕಾನೂನಿನೊಳಕ್ಕೆ ಬಂದದ್ದು ಸ್ವಾತಂತ್ರ್ಯದ ನಂತರ, 1949ರ ತಿದ್ದುಪಡಿಯಲ್ಲಿ. ಎಲ್ಲರಿಗೂ ‘ಯು’, ವಯಸ್ಕರಿಗೆ ಮಾತ್ರ ‘ಎ’ ಎಂಬ ಎರಡು ದರ್ಜೆಗಳಾದವು. 1951ರಲ್ಲಿ ಕೇಂದ್ರ ಮಂಡಳಿ ಬಂತು, 1952ರಲ್ಲಿ ಈಗಲೂ ನಡೆಯುತ್ತಿರುವ ಚಲನಚಿತ್ರ ಕಾಯ್ದೆ. ಕನ್ನಡದ ಚಿತ್ರಗಳು ಆಗ ಮದರಾಸಿಗೆ ಹೋಗಿ ಪ್ರಮಾಣಪತ್ರ ತರಬೇಕಿತ್ತು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ ಮದರಾಸಿನ ಮಂಡಳಿ ಮೊದಲು ಬಾಗಿಲು ಹಾಕಿತ್ತು. ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಈಗ ಬೆಂಗಳೂರಿನಲ್ಲೇ ಪ್ರಾದೇಶಿಕ ಕಚೇರಿ ಇದೆ.

ಇದೇ ಕಾಲದ ಒಂದು ಮೊಕದ್ದಮೆ ನಮ್ಮ ವಿಷಯಕ್ಕೆ ಮುಖ್ಯ. ಲೇಖಕ, ನಿರ್ದೇಶಕ ಕೆ.ಎ. ಅಬ್ಬಾಸ್ ನಾಲ್ಕು ನಗರಗಳ ಬಗ್ಗೆ ಒಂದು ಕಿರು ಸಾಕ್ಷ್ಯಚಿತ್ರ ಮಾಡಿದ್ದರು. ಅದರಲ್ಲಿ ಬೊಂಬಾಯಿಯ ವೇಶ್ಯಾಬೀದಿಯ ಕೆಲವು ದೃಶ್ಯಗಳಿದ್ದವು. ಮಂಡಳಿ ‘ಎ’ ಕೊಟ್ಟಿತು. ‘ಯು’ ಬೇಕಾದರೆ ಕತ್ತರಿಸಿ ಎಂದಿತು. ಅಬ್ಬಾಸ್ ಎರಡಕ್ಕೂ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ಹೊತ್ತಿಗೆ ಸರ್ಕಾರ ತಾನಾಗಿ ‘ಯು’ ಕೊಡಲು ಒಪ್ಪಿತು. ಆದರೆ ತತ್ವದ ಪ್ರಶ್ನೆಯ ಮೇಲೆ 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಕೊಟ್ಟ ತೀರ್ಪು ಇಂದಿಗೂ ನಿಂತಿದೆ. ಸಿನಿಮಾ ಬೇರೆ ಕಲೆಗಳಿಗಿಂತ ಆಳವಾಗಿ ಭಾವನೆಯನ್ನು ಕಲಕುತ್ತದೆ, ಅದರಲ್ಲೂ ಮಕ್ಕಳ ಮೇಲೆ ಅದರ ಪರಿಣಾಮ ದೊಡ್ಡದು, ಆದ್ದರಿಂದ ಪ್ರದರ್ಶನಕ್ಕೆ ಮೊದಲೇ ಪರಿಶೀಲಿಸಿ ದರ್ಜೆ ಕೊಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಪೀಠ ಹೇಳಿತು. ಅಂದರೆ ನಮ್ಮ ದೇಶದಲ್ಲಿ ಸಿನಿಮಾ ಸೆನ್ಸಾರ್ ಉಳಿದುಕೊಂಡದ್ದು ಒಂದು ಮಟ್ಟಿಗೆ ಮಕ್ಕಳ ಹೆಸರಿನಲ್ಲಿ. ಆ ಮಕ್ಕಳಿಗೆ ಅದರಿಂದ ಏನು ದಕ್ಕಿತು ಎಂದು ಕೇಳುವ ಹಕ್ಕು ನಮಗಿದೆ.

1983ರಲ್ಲಿ ಯು ಮತ್ತು ಎ ನಡುವೆ ‘ಯುಎ’ ಬಂತು. ಮಂಡಳಿಯ ಹೆಸರಿನಲ್ಲಿದ್ದ ‘ಸೆನ್ಸಾರ್’ ಹೋಗಿ ‘ಪ್ರಮಾಣೀಕರಣ’ ಆಯಿತು. ಹನ್ನೆರಡು ವರ್ಷದೊಳಗಿನವರು ಹಿರಿಯರ ಮಾರ್ಗದರ್ಶನದಲ್ಲಿ ನೋಡತಕ್ಕದ್ದು ಎಂಬುದು ಯುಎ ಅರ್ಥ. ಸುಮಾರು ನಲವತ್ತು ವರ್ಷ ಈ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಿದೆವು. ಕಾಲೇಜು ಪ್ರೇಮಕಥೆಯೂ ಅದರಲ್ಲೇ, ದೆವ್ವದ ಕತೆಯೂ ಅದರಲ್ಲೇ, ಮಚ್ಚು ಲಾಂಗುಗಳ ಕತೆಯೂ ಅದರಲ್ಲೇ. ಪುಟ್ಟ ಮೋಗ್ಲಿಯೂ ಅದರಲ್ಲೇ.

ಮೋಗ್ಲಿಯ ಪ್ರಸಂಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2016ರಲ್ಲಿ ಡಿಸ್ನಿಯವರ ‘ದಿ ಜಂಗಲ್ ಬುಕ್’ ಬಂದಾಗ ನಮ್ಮ ಮಂಡಳಿ ಅದಕ್ಕೆ ಯುಎ ಕೊಟ್ಟಿತು. ತ್ರೀಡಿಯಲ್ಲಿ ಪ್ರಾಣಿಗಳು ಮೈಮೇಲೆ ಹಾರುವಂತೆ ಬರುತ್ತವೆ, ಸಣ್ಣ ಮಕ್ಕಳು ಹೆದರುತ್ತಾರೆ ಎಂಬುದು ಮಂಡಳಿಯ ಅಂದಿನ ಅಧ್ಯಕ್ಷರ ವಿವರಣೆ. ದೇಶವೆಲ್ಲ ನಕ್ಕಿತು. ನಮ್ಮದೇ ಕಾಡಿನ ಕತೆ, ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ನೋಡಿ ಬೆಳೆದವರು ನಾವು, ಇದಕ್ಕೂ ಮಾರ್ಗದರ್ಶನವೇ ಎಂದು ಜೋಕುಗಳು ಹರಿದಾಡಿದವು. ಆ ಮಂಡಳಿಯ ಅನೇಕ ತೀರ್ಮಾನಗಳನ್ನು ನಾನು ಟೀಕಿಸಿದ್ದೇನೆ, ಮುಂದೆಯೂ ಟೀಕಿಸುತ್ತೇನೆ. ಈ ಒಂದು ವಿಷಯದಲ್ಲಿ ಮಾತ್ರ ನಕ್ಕವರ ಜೊತೆ ನಾನಿಲ್ಲ. ಆ ಚಿತ್ರದ ಷೇರ್ ಖಾನ್ ಹುಲಿ ಹುಲ್ಲಿನಿಂದ ನೆಗೆಯುವ ಹೊತ್ತಿಗೆ ನಾಲ್ಕು ವರ್ಷದ ಮಗುವಿನ ಪಕ್ಕದಲ್ಲಿ ಕೂತು ನೋಡಿದವರಿಗೆ ಗೊತ್ತು. ಮಗು ಮೊದಲು ಕಣ್ಣು ಮುಚ್ಚುವುದಿಲ್ಲ, ಕಿವಿ ಮುಚ್ಚಿಕೊಳ್ಳುತ್ತದೆ. ಥಿಯೇಟರಿನ ಭಯದ ಅರ್ಧ ಪಾಲು ಸದ್ದಿನಲ್ಲಿದೆ. ಅದೇ ಹುಲಿ ಫೋನಿನ ಪರದೆಯ ಮೇಲೆ ಬೆಕ್ಕಿನಷ್ಟಿರುತ್ತದೆ. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಕೂಡ ಆ ಚಿತ್ರಕ್ಕೆ ಎಲ್ಲರಿಗೂ ಮುಕ್ತವಾದ ದರ್ಜೆ ಸಿಗಲಿಲ್ಲ. ಪೋಷಕರ ಮಾರ್ಗದರ್ಶನದ ‘ಪಿಜಿ’ಯೇ ಸಿಕ್ಕಿತು. ನಮ್ಮಲ್ಲಿ ತಪ್ಪಿದ್ದು ಎಲ್ಲಿ ಎಂದರೆ, ಮೋಗ್ಲಿಗೆ ಕೊಟ್ಟ ಎರಡಕ್ಷರವನ್ನೇ ರಕ್ತ ಚಿಮ್ಮುವ ಚಿತ್ರಗಳಿಗೂ ಕೊಡುತ್ತಿದ್ದೆವು. ಹೀಗಾಗಿ ಆ ಎರಡಕ್ಷರವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಮಕ್ಕಳು ಯಾವುದಕ್ಕೆ ಹೆದರುತ್ತಾರೆ ಎಂಬುದರ ಬಗ್ಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಎಂಬುವರು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. 1980ರ ದಶಕದಲ್ಲಿ ಅವರು ಎತ್ತಿಕೊಂಡ ಒಂದು ಉದಾಹರಣೆ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಎಂಬ ಟಿವಿ ಧಾರಾವಾಹಿ. ಸಾಧು ಮನುಷ್ಯನೊಬ್ಬ ಕೋಪ ಬಂದಾಗ ಹಸಿರು ಮೈಯ ದೈತ್ಯನಾಗುತ್ತಾನೆ, ಒಳ್ಳೆಯವರನ್ನು ಕಾಪಾಡುತ್ತಾನೆ. ದೊಡ್ಡ ಮಕ್ಕಳಿಗೆ ಅವನು ಬಂದರೆ ಸಮಾಧಾನ, ಇನ್ನು ತೊಂದರೆಯಿಲ್ಲ ಎಂದು. ಶಾಲೆಗೆ ಇನ್ನೂ ಸೇರದ ಮಕ್ಕಳಿಗೆ ಮಾತ್ರ ಅವನು ರೂಪ ಬದಲಿಸಿದ ಕ್ಷಣವೇ ಎಲ್ಲಕ್ಕಿಂತ ಭೀಕರ. ಅವನು ಒಳ್ಳೆಯವನು ಎಂಬ ವಿವರಣೆ ಅವರನ್ನು ಮುಟ್ಟುವುದಿಲ್ಲ. ಕಣ್ಣಿಗೆ ಕಂಡದ್ದೇ ಅವರಿಗೆ ಸತ್ಯ. ಇದಕ್ಕೆ ತಿರುಗುಮುರುಗಾದ ಇನ್ನೊಂದು ಅಧ್ಯಯನವೂ ಇದೆ. 1983ರಲ್ಲಿ ಅಮೆರಿಕದ ಟಿವಿಯಲ್ಲಿ ಅಣುಯುದ್ಧದ ಪರಿಣಾಮ ತೋರಿಸುವ ‘ದಿ ಡೇ ಆಫ್ಟರ್’ ಚಿತ್ರ ಪ್ರಸಾರವಾದಾಗ ಎಲ್ಲರೂ ಮಕ್ಕಳ ಬಗ್ಗೆ ಕಂಗಾಲಾಗಿದ್ದರು. ವಿಚಾರಿಸಿ ನೋಡಿದರೆ ಸಣ್ಣ ಮಕ್ಕಳಿಗೆ ಅಷ್ಟೇನೂ ಆಗಿರಲಿಲ್ಲ; ಹದಿಹರೆಯದವರು ಹೆಚ್ಚು ಕದಡಿಹೋಗಿದ್ದರು, ತಂದೆತಾಯಂದಿರು ಅವರಿಗಿಂತ ಹೆಚ್ಚು.

ವಿವರಣೆ ಸಣ್ಣ ಮಕ್ಕಳ ಭಯವನ್ನು ಮುಟ್ಟುವುದಿಲ್ಲ ಎಂಬುದನ್ನು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಆರ್ಭಟಿಸಿದರೆ ಸಾಕು, ಮುಂದೆ ಕೂತ ಪುಟ್ಟ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿಬಿಡುತ್ತಾರೆ. ಆ ರಾಕ್ಷಸ ಸೋಲುತ್ತಾನೆ ಎಂದು ಗೊತ್ತಿದ್ದರೂ ಅಷ್ಟೇ. ಅದಕ್ಕೆ ಹಿರಿಯರು ಒಂದು ಉಪಾಯ ಮಾಡುತ್ತಿದ್ದರು. ಆಟ ಶುರುವಾಗುವ ಮೊದಲೇ ಮಗುವನ್ನು ಚೌಕಿಗೆ, ಅಂದರೆ ಬಣ್ಣದ ಮನೆಗೆ, ಕರೆದೊಯ್ದು, ಕಲಾವಿದರು ಕನ್ನಡಿ ಹಿಡಿದು ಮುಖಕ್ಕೆ ಒಂದೊಂದೇ ಚಿಟ್ಟಿ ಇಡುವುದನ್ನು ತೋರಿಸುವುದು. ‘ನೋಡು, ಇವರೇ ರಾತ್ರಿ ರಾಕ್ಷಸ ಆಗುವವರು’ ಎಂದು. ಕ್ಯಾಂಟರ್ ಅವರ ಬಳಗವೂ ಮಕ್ಕಳಿಗೆ ಹಲ್ಕ್‌ನ ಮೇಕಪ್ ನಡೆಯುವುದನ್ನು ತೋರಿಸಿ ನೋಡಿತ್ತು ಎಂದು ಓದಿದಾಗ ನನಗೆ ನೆನಪಾದದ್ದು ಚೌಕಿಯೇ. ಇವತ್ತಿನ ತಂದೆತಾಯಂದಿರಿಗೆ ಇದೇ ಉಪಾಯ ಯೂಟ್ಯೂಬಿನಲ್ಲಿದೆ. ಗ್ರಾಫಿಕ್ಸ್ ಹುಲಿಯನ್ನು, ನಕಲಿ ರಕ್ತವನ್ನು ಹೇಗೆ ಮಾಡುತ್ತಾರೆ ಎಂಬ ವಿಡಿಯೋಗಳು ಹೇರಳವಾಗಿವೆ. ಎಂಟು ಹತ್ತು ವರ್ಷದವರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತೀರ ಸಣ್ಣವರಿಗೆ ಮಾತಿಗಿಂತ ತೊಡೆ ಮೇಲು.

ಈಗ ಹೊಸ ಸಂಖ್ಯೆಗಳಿಗೆ ಬರೋಣ. 2023ರ ತಿದ್ದುಪಡಿ ಯುಎ ಎಂಬ ಚೀಲವನ್ನು ಮೂರು ಮಾಡಿತು: ಯುಎ 7+, ಯುಎ 13+, ಯುಎ 16+. 2024ರ ಮಾರ್ಚಿನಲ್ಲಿ ನಿಯಮಗಳು ಬಂದವು, ಆ ವರ್ಷದ ಕೊನೆಯ ಹೊತ್ತಿಗೆ ಚಿತ್ರಗಳ ಮೇಲೆ ಈ ಸಂಖ್ಯೆಗಳು ಕಾಣಿಸತೊಡಗಿದವು. ಇದು ಇದ್ದಕ್ಕಿದ್ದಂತೆ ಆದದ್ದಲ್ಲ. ಶ್ಯಾಮ್ ಬೆನಗಲ್ ಸಮಿತಿ 2016ರಲ್ಲೇ ಯುಎಯನ್ನು 12+, 15+ ಎಂದು ಒಡೆಯಲು ಹೇಳಿತ್ತು. 2021ರಲ್ಲಿ ಒಟಿಟಿಗಳಿಗೆ ಮಾಡಿದ ನಿಯಮಗಳಲ್ಲಿ 7, 13, 16 ಆಗಲೇ ಬಂದಿತ್ತು. ಒಂದು ವಿಷಯವನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಈ ಮೂರು ಸಂಖ್ಯೆಗಳು ನಿಷೇಧವಲ್ಲ. ಯುಎ 16+ ಚಿತ್ರಕ್ಕೆ ಹತ್ತು ವರ್ಷದ ಮಗುವನ್ನು ನೀವು ಕರೆದೊಯ್ದರೆ ಗೇಟಿನಲ್ಲಿ ಯಾರೂ ತಡೆಯುವಂತಿಲ್ಲ. ಇವು ತಂದೆತಾಯಿ ವಿಚಾರ ಮಾಡಲಿ ಎಂದು ಕೊಟ್ಟ ಸೂಚನೆಗಳು. ‘ಎ’ ಮಾತ್ರ ಕಟ್ಟುನಿಟ್ಟು: ಹದಿನೆಂಟು ತುಂಬದವರನ್ನು ಒಳಗೆ ಬಿಟ್ಟರೆ ಥಿಯೇಟರಿನವರಿಗೆ ಶಿಕ್ಷೆಯಿದೆ. ಅಪ್ಪ ಅಮ್ಮ ಜೊತೆಗಿದ್ದೇವೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಗೇಟಿನಲ್ಲಿ ನಿಂತ ಹುಡುಗನ ಮೇಲೆ ಕೂಗಾಡುವವರನ್ನು ನೀವೂ ನೋಡಿರುತ್ತೀರಿ. ಅವನ ತಪ್ಪೇನೂ ಇಲ್ಲ, ಸ್ವಾಮಿ.

ಈ ಸಂಖ್ಯೆಗಳ ನಿಜವಾದ ಪರೀಕ್ಷೆ ನಮ್ಮಲ್ಲಿ ನಡೆದದ್ದು 2025ರ ದಸರಾದಲ್ಲಿ. ‘ಕಾಂತಾರ: ಅಧ್ಯಾಯ 1’ ಬಿಡುಗಡೆಯಾಯಿತು. ದರ್ಜೆ ಯುಎ 16+. ಹಬ್ಬದ ರಜೆ, ಮಕ್ಕಳಿಗೆ ಶಾಲೆಯಿಲ್ಲ, ದೈವದ ಕತೆ. ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಸಂಸಾರಗಳೇ ಬಂದವು. ಹದಿನಾರು ಎಂದು ಹಾಕಿದ್ದಾರಲ್ಲ ಎಂದರೆ, ‘ಅದು ದೇವರ ಸಿನಿಮಾ ಅಲ್ವಾ?’ ಎಂದು ಜನ ಕೇಳುತ್ತಿದ್ದರು. ನಾನು ಅವರನ್ನು ಹಳಿಯುವುದಿಲ್ಲ. ನಮ್ಮಲ್ಲಿ ಸಿನಿಮಾ ಆರಿಸುವ ಕ್ರಮವೇ ಹಾಗೆ. ದೇವರ ಸಿನಿಮಾ, ಸಂಸಾರದ ಸಿನಿಮಾ, ಫೈಟಿಂಗ್ ಸಿನಿಮಾ ಎಂಬ ಮೂರು ಹಣೆಪಟ್ಟಿಗಳಲ್ಲಿ ನಮ್ಮ ಹಿರಿಯರು ಮೊದಲೆರಡನ್ನು ಮಕ್ಕಳಿಗೆ ಕೊಟ್ಟರು. ಆದರೆ ಪುರಾಣದಷ್ಟು ರಕ್ತ ಬೇರೆಲ್ಲಿದೆ? ಕಂಬ ಒಡೆದು ಬಂದ ನರಸಿಂಹ ಏನು ಮಾಡಿದ ಎಂಬುದನ್ನು ಊಟದ ಹೊತ್ತಿಗೆ ಅಜ್ಜಿ ಹೇಳುತ್ತಿದ್ದಳು. ಮಗು ತನಗೆ ತಡೆಯುವಷ್ಟನ್ನು ಮಾತ್ರ ಮನಸ್ಸಿನಲ್ಲಿ ಬಿಡಿಸಿಕೊಳ್ಳುತ್ತಿತ್ತು, ಹೆಚ್ಚಾದರೆ ‘ಸಾಕಜ್ಜಿ’ ಎನ್ನುತ್ತಿತ್ತು. ಥಿಯೇಟರಿನಲ್ಲಿ ಎಷ್ಟು ಕಾಣಬೇಕು ಎಂಬುದನ್ನು ಮಗು ತೀರ್ಮಾನಿಸುವುದಿಲ್ಲ. ಹಾಗೆಂದು ಆ ಚಿತ್ರವನ್ನು ನೋಡಿದ ಹತ್ತು ವರ್ಷದ ಮಕ್ಕಳೆಲ್ಲ ಕೆಟ್ಟರೆಂದು ನಾನು ಹೇಳುತ್ತಿಲ್ಲ. ಎಷ್ಟೋ ಮಕ್ಕಳು ಖುಷಿಯಿಂದ ನೋಡಿದರು. ಹದಿನಾರು ಎಂಬ ಸಂಖ್ಯೆ ಕದನದ ದೃಶ್ಯಗಳಿಗಾಗಿಯೋ, ಭಯಕ್ಕಾಗಿಯೋ, ಬೇರೆ ಯಾವುದಕ್ಕೋ ಎಂದು ಟಿಕೆಟ್ ಕೊಳ್ಳುವವರಿಗೆ ಒಂದು ಸಾಲಿನಲ್ಲಿ ತಿಳಿದಿದ್ದರೆ, ತನ್ನ ಮಗುವನ್ನು ಬಲ್ಲ ತಾಯಿ ಎರಡು ನಿಮಿಷದಲ್ಲಿ ತೀರ್ಮಾನ ಮಾಡಿಬಿಡುತ್ತಿದ್ದಳು.

ಕಾರಣವನ್ನು ಹೇಳುವ ಪದ್ಧತಿ ಬೇರೆ ಕಡೆ ಇದೆ. ನೆದರ್ಲೆಂಡ್ಸ್ ದೇಶದಲ್ಲಿ 2001ರಿಂದ ವಯಸ್ಸಿನ ಪಕ್ಕದಲ್ಲಿ ಪುಟ್ಟ ಚಿತ್ರಗಳನ್ನು ಹಾಕುತ್ತಾರೆ. ಹಿಂಸೆ ಇದ್ದರೆ ಮುಷ್ಟಿ, ಭಯ ಇದ್ದರೆ ಜೇಡ, ಹೀಗೆ. ಓದು ಬಾರದವರಿಗೂ ತಿಳಿಯುತ್ತದೆ. ಬ್ರಿಟನ್ನಿನ ಮಂಡಳಿ ಕಾರಣವನ್ನು ಮಾತಿನಲ್ಲೇ ಬರೆಯುತ್ತದೆ. ಅವರ ಒಂದು ಕತೆ ಕೇಳಿ. 1978ರಲ್ಲಿ ‘ವಾಟರ್‌ಶಿಪ್ ಡೌನ್’ ಎಂಬ ಮೊಲಗಳ ಕಾರ್ಟೂನ್ ಚಿತ್ರಕ್ಕೆ ಅವರು ‘ಯು’ ಕೊಟ್ಟಿದ್ದರು. ಕಾರ್ಟೂನು, ಅದರಲ್ಲೂ ಮೊಲ, ಇನ್ನೇನು ಎಂದು ತಂದೆತಾಯಂದಿರು ಸಣ್ಣ ಮಕ್ಕಳನ್ನು ಕೂರಿಸಿದರು. ಅದರಲ್ಲಿ ಮೊಲಗಳು ಒಂದನ್ನೊಂದು ಕಚ್ಚಿ ಹರಿದು ಸಾಯುತ್ತವೆ. ಒಂದು ತಲೆಮಾರಿನ ಬ್ರಿಟಿಷರು ಇವತ್ತಿಗೂ ಆ ಚಿತ್ರದ ಹೆಸರೆತ್ತಿದರೆ ಬೆಚ್ಚುತ್ತಾರೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬಂದ ದೂರುಗಳ ನಂತರ 2022ರಲ್ಲಿ ಅದನ್ನು ಪಿಜಿಗೆ ಏರಿಸಿದರು. ಅಮೆರಿಕದಲ್ಲಿ ಹದಿಮೂರರ ಗೆರೆ ಬಂದದ್ದೂ ಒಂದು ತಪ್ಪಿನಿಂದಲೇ. 1984ರ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ ಚಿತ್ರದಲ್ಲಿ ಜೀವಂತ ಮನುಷ್ಯನ ಎದೆಯಿಂದ ಹೃದಯ ಕೀಳುವ ದೃಶ್ಯವಿದೆ. ಅದಕ್ಕೆ ಪಿಜಿ ಸಿಕ್ಕಿತ್ತು. ಪೋಷಕರು ಗಲಾಟೆ ಮಾಡಿದರು. ನಿರ್ದೇಶಕ ಸ್ಪೀಲ್‌ಬರ್ಗ್ ಅವರೇ ನಡುವೆ ಒಂದು ದರ್ಜೆ ಮಾಡಿ ಎಂದು ಸೂಚಿಸಿದರು. ಅದೇ ವರ್ಷ ಪಿಜಿ-13 ಹುಟ್ಟಿತು.

ಆದರೆ ಗೆರೆ ಎಳೆದ ಮೇಲೆ ಅದು ಎಳೆದಲ್ಲೇ ನಿಲ್ಲುವುದಿಲ್ಲ. ಹಾರ್ವರ್ಡಿನ ಸಂಶೋಧಕರು 1992ರಿಂದ 2003ರವರೆಗಿನ ಅಮೆರಿಕದ ಚಿತ್ರಗಳನ್ನು ನೋಡಿ, ಅದೇ ದರ್ಜೆಯೊಳಗೆ ಹಿಂಸೆಯೂ ಬೈಗುಳವೂ ವರ್ಷ ವರ್ಷ ಏರುತ್ತ ಬಂದಿವೆ ಎಂದು 2004ರಲ್ಲಿ ತೋರಿಸಿದರು. ನಮ್ಮಲ್ಲೂ ಹೀಗೆಯೇ ಆಗುತ್ತದೆ ಎಂದು ಹೇಳಲು ಸಂಶೋಧನೆ ಬೇಕಿಲ್ಲ, ವ್ಯಾಪಾರದ ಲೆಕ್ಕ ಗೊತ್ತಿದ್ದರೆ ಸಾಕು. ‘ಎ’ ಬಿದ್ದರೆ ಫ್ಯಾಮಿಲಿ ಆಡಿಯನ್ಸ್ ಹೋಯಿತು, ಸ್ಯಾಟಲೈಟ್ ಹೋಯಿತು ಎಂಬುದು ಗಾಂಧಿನಗರದ ಮಾತು. 2024ರ ಕೊನೆಗೆ ಬಂದ ಮಲಯಾಳದ ‘ಮಾರ್ಕೋ’ಗೆ ಎ ಸಿಕ್ಕಿತ್ತು, ಟಿವಿಯಲ್ಲಿ ತೋರಿಸಲು ಮಂಡಳಿ ಒಪ್ಪಲಿಲ್ಲ. 2025ರ ಆಗಸ್ಟಿನಲ್ಲಿ ರಜನಿಕಾಂತ್ ಅವರ ‘ಕೂಲಿ’ಗೆ ಎ ಬಂದಾಗ ನಿರ್ಮಾಪಕರು ಮದರಾಸು ಹೈಕೋರ್ಟಿಗೆ ಹೋದರು. ಇದಕ್ಕಿಂತ ಹೆಚ್ಚು ಹೊಡೆದಾಟವಿದ್ದ ‘ಕೆಜಿಎಫ್’ಗೆ ಯುಎ ಕೊಟ್ಟಿದ್ದೀರಲ್ಲ ಎಂಬುದು ಅವರ ವಾದಗಳಲ್ಲೊಂದು. ಕೋರ್ಟು ಅರ್ಜಿ ತಳ್ಳಿಹಾಕಿತು. ಕನ್ನಡದ ಚಿತ್ರವೊಂದು ತಮಿಳು ಚಿತ್ರದ ಪರವಾಗಿ ಸಾಕ್ಷಿಯಾದ ವಿಚಿತ್ರ ಒಂದು ಕಡೆ ಇರಲಿ. ಅವರ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ಯಾವುದಕ್ಕೆ ಎಷ್ಟು ಎಂಬ ಅಳತೆ ಹೊರಗಿನವರಿಗೆ ಕಾಣುವಂತಿದ್ದರೆ ಈ ತಕರಾರು ಬರುತ್ತಿರಲಿಲ್ಲ.

ಎ ತಪ್ಪಿಸಿಕೊಳ್ಳಲು ನಡೆಯುವುದೇ ಕತ್ತರಿಯ ಚೌಕಾಸಿ. ಈ ಶಾಟನ್ನು ಅರ್ಧ ಮಾಡಿ, ಆ ಪದವನ್ನು ಮ್ಯೂಟ್ ಮಾಡಿ, ಯುಎ ತಗೊಳ್ಳಿ. ಮ್ಯೂಟ್ ಮಾಡಿದ ಪದವನ್ನು ತುಟಿಯ ಚಲನೆ ನೋಡಿಯೇ ಎಂಟನೇ ಕ್ಲಾಸಿನ ಹುಡುಗರು ಒಟ್ಟಾಗಿ ಕೂಗುತ್ತಾರೆ, ಅದು ಬೇರೆ ಮಾತು. ನನ್ನ ಆಕ್ಷೇಪ ಇಷ್ಟೇ: ಕತ್ತರಿಸಿದ್ದರಿಂದ ತಾಯಿಗೆ ಮಾಹಿತಿ ಸಿಗಲಿಲ್ಲ. ಹದಿಮೂರಕ್ಕೆ ಮೇಲ್ಪಟ್ಟವರ ಚಿತ್ರವನ್ನು ಅವರಿಗಾಗಿಯೇ ಇಟ್ಟು, ಸಣ್ಣವರ ತಂದೆತಾಯಿಗೆ ಹೀಗಿದೆ ನೋಡಿ ಎಂದು ಹೇಳಬೇಕಾದ ಸಂಸ್ಥೆ, ಚಿತ್ರವನ್ನೇ ಒಂದಿಷ್ಟು ಸವೆಸಿ ಎಲ್ಲರಿಗೂ ಅರ್ಧಂಬರ್ಧ ಕೊಟ್ಟಿತು. ಕತ್ತರಿ ಎಲ್ಲಿ ಆಡುತ್ತದೆ ಎಂಬುದನ್ನೂ ಗಮನಿಸಿ. 2023ರಲ್ಲಿ ‘ಒಪನ್‌ಹೈಮರ್’ ಚಿತ್ರದ ನಟಿಯ ಮೈಮೇಲೆ ನಮ್ಮ ಪ್ರದರ್ಶನಕ್ಕಾಗಿ ಕಂಪ್ಯೂಟರಿನಲ್ಲಿ ಕಪ್ಪು ಬಟ್ಟೆ ಹೊಲಿಸಲಾಯಿತು. 2025ರ ‘ಸೂಪರ್‌ಮ್ಯಾನ್’ ಚಿತ್ರದಲ್ಲಿ ಮುತ್ತಿನ ದೃಶ್ಯಕ್ಕೆ ಕತ್ತರಿ ಬಿತ್ತು. ಅದಾದ ಮೇಲೂ ಯುಎ 13+. ಕುತ್ತಿಗೆ ಕಡಿಯುವುದಕ್ಕೆ ನಾವು ಇಷ್ಟು ಮುಜುಗರಪಡುವುದಿಲ್ಲ. ಮಂಡಳಿಯನ್ನು ಮಾತ್ರ ಬೈಯುವಂತಿಲ್ಲ, ನಮ್ಮ ಮನೆಯ ಹಾಲ್‌ನಲ್ಲೂ ಇದೇ ನಡೆಯುತ್ತದೆ. ಟಿವಿಯಲ್ಲಿ ಮುತ್ತು ಬಂದರೆ ಅಪ್ಪ ನೀರು ಕುಡಿಯಲು ಏಳುತ್ತಾರೆ, ಅಮ್ಮ ರಿಮೋಟ್ ಹುಡುಕುತ್ತಾರೆ. ಕೊಲೆ ಬಂದರೆ ಎಲ್ಲರೂ ಕೂತಲ್ಲೇ ಇರುತ್ತಾರೆ, ಊಟವೂ ಸಾಗುತ್ತದೆ.

ಇಷ್ಟೆಲ್ಲ ಇದ್ದರೂ ಈಗಿರುವ ಸಂಖ್ಯೆಯನ್ನು ಬಳಸುವುದು ಹೇಗೆ? ಟಿಕೆಟ್ ಬುಕ್ ಮಾಡುವ ಆ್ಯಪಿನಲ್ಲಿ ಚಿತ್ರದ ಹೆಸರಿನ ಪಕ್ಕ ದರ್ಜೆ ಇರುತ್ತದೆ. ಸೀಟು ಆರಿಸುವ ಮೊದಲು ಅದನ್ನು ನೋಡಿ. 7+ ಎಂದಿದ್ದರೆ ಯುಕೆಜಿ ಮಗುವನ್ನು ಕರೆದೊಯ್ಯುವುದು ನಿಮ್ಮ ಇಷ್ಟ, ಆದರೆ ನಡುದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ, ಎದ್ದು ಹೊರಬರಲು ಅನುಕೂಲ. ಎದ್ದು ಬರಲು ಸಂಕೋಚ ಬೇಡ. ದುಡ್ಡು ಕೊಟ್ಟಿದ್ದೇವೆ ಎಂದು ನಡುಗುವ ಮಗುವನ್ನು ಮೂರು ಗಂಟೆ ಕೂರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. 16+ ಎಂದಿದ್ದರೆ, ಮೊದಲು ದೊಡ್ಡವರೊಬ್ಬರು ನೋಡಿ ಬರುವುದೇ ಲೇಸು. ‘ನಮ್ಮ ಹುಡುಗ ಏನು ತೋರಿಸಿದ್ರೂ ಹೆದರಲ್ಲ’ ಎಂದು ಹೆಮ್ಮೆಪಡುವ ಅಪ್ಪಂದಿರಿಗೆ ಒಂದು ಮಾತು. ಗಂಡುಮಕ್ಕಳಿಗೆ ಭಯವನ್ನು ತೋರಿಸಬಾರದೆಂದು ನಾವು ಬಹಳ ಬೇಗ ಕಲಿಸಿಬಿಡುತ್ತೇವೆ. ಥಿಯೇಟರಿನಲ್ಲಿ ನಗುತ್ತಿದ್ದ ಹುಡುಗ ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗಲು ಹಿಂಜರಿಯುತ್ತಾನೆಯೇ, ಮಲಗುವಾಗ ಲೈಟ್ ಆರಿಸಬೇಡ ಎನ್ನುತ್ತಾನೆಯೇ, ಅದನ್ನು ನೋಡಿಕೊಳ್ಳಿ.

ಮನೆಯಲ್ಲಿ ಒಟಿಟಿ ಇರುವವರಿಗೆ ಹೆಚ್ಚು ಅನುಕೂಲವಿದೆ, ಬಳಸುವವರು ಕಡಿಮೆ. 2021ರ ನಿಯಮದ ಪ್ರಕಾರ 13+ ಮತ್ತು ಅದಕ್ಕೆ ಮೇಲಿನ ದರ್ಜೆಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಕೊಡಲೇಬೇಕು. ವಿಷಯದ ಸ್ವರೂಪವನ್ನೂ ಆರಂಭದಲ್ಲಿ ತೋರಿಸಬೇಕು. ಹಿಂಸೆ, ಬೈಗುಳ, ಮಾದಕವಸ್ತು ಎಂದು ಮೇಲಿನ ಮೂಲೆಯಲ್ಲಿ ಬರುತ್ತದಲ್ಲ, ಅದು. ಆದರೆ ಈ ಬೀಗದ ಪಿನ್ ಹೆಚ್ಚಿನ ಮನೆಗಳಲ್ಲಿ ಮಗನ ಹುಟ್ಟಿದ ವರ್ಷವೇ ಆಗಿರುತ್ತದೆ, ಅದನ್ನು ಸೆಟ್ ಮಾಡಿಕೊಟ್ಟವನೂ ಮಗನೇ. ಬೀಗವೊಂದನ್ನೇ ನಂಬುವುದರಲ್ಲಿ ಇನ್ನೊಂದು ತೊಡಕಿದೆ. ಬರೀ ವಯಸ್ಸು ಹೇಳಿ ಬೇಡ ಎಂದರೆ ಹತ್ತರಿಂದ ಹದಿನಾಲ್ಕರ ಗಂಡುಹುಡುಗರಿಗೆ ಅದರ ಮೇಲೆ ಆಸೆ ಹೆಚ್ಚುತ್ತದೆ. ಒಳಗೆ ಇಂಥದ್ದಿದೆ ಎಂದು ಹೇಳಿದರೆ ಹಾಗಾಗುವುದಿಲ್ಲ. ಇದೂ ಕ್ಯಾಂಟರ್ ಮತ್ತು ಅವರ ಜೊತೆಗಾರರು ಅಮೆರಿಕದ ಟಿವಿಯ ಬಗ್ಗೆ ಮಾಡಿದ ಅಧ್ಯಯನದಲ್ಲಿ ಕಂಡುಕೊಂಡದ್ದೇ. ನಮ್ಮ ಹುಡುಗರು ಬೇರೆಯವರೇನಲ್ಲ. ಎ ಎಂಬ ಅಕ್ಷರವನ್ನು ಪೋಸ್ಟರಿನಲ್ಲಿ ದೊಡ್ಡದಾಗಿ ಬರೆದು ಅದನ್ನೇ ಜಾಹೀರಾತು ಮಾಡಿಕೊಂಡ ನಿರ್ಮಾಪಕರೂ ನಮ್ಮಲ್ಲಿ ಆಗಿಹೋಗಿದ್ದಾರೆ.

ಶಿಕ್ಷಕರಿಗೂ ಇದರಲ್ಲಿ ಪಾಲಿದೆ. ಶಾಲೆಯಿಂದ ಮಕ್ಕಳನ್ನು ಸಿನಿಮಾಕ್ಕೆ ಕರೆದೊಯ್ಯುವ ಪದ್ಧತಿ ನಮ್ಮಲ್ಲಿ ಇದೆ. ‘ಚಿನ್ನಾರಿ ಮುತ್ತ’ನನ್ನು ನೋಡಿದ ಒಂದು ತಲೆಮಾರು ಇಲ್ಲಿ ಕೂತಿರಬಹುದು. 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರವನ್ನು ನೋಡಿ ತಮ್ಮ ಶಾಲೆಯ ಬಗ್ಗೆ ಚರ್ಚೆ ಮಾಡಿದ ಮಕ್ಕಳನ್ನು ನಾನು ಬಲ್ಲೆ. ಅಂಥ ಚಿತ್ರಗಳು ವರ್ಷಕ್ಕೆ ನಾಲ್ಕು ಬಂದರೆ ಈ ಉಪನ್ಯಾಸದ ಅಗತ್ಯವೇ ಅರ್ಧ ಕಡಿಮೆಯಾಗುತ್ತಿತ್ತು. ಮಕ್ಕಳಿಗೆಂದೇ ಮಾಡಿದ ಚಿತ್ರ ಥಿಯೇಟರಿನಲ್ಲಿ ಇಲ್ಲದಿರುವುದರಿಂದ ತಾನೆ ದೊಡ್ಡವರ ಚಿತ್ರದಲ್ಲಿ ಮಕ್ಕಳಿಗೆ ಎಷ್ಟು ಆದೀತು ಎಂದು ನಾವು ಅಳೆಯುತ್ತ ಕೂತಿರುವುದು.

ಕೊನೆಯದಾಗಿ ಒಂದು ಬೇಡಿಕೆ ಮುಂದಿಡುತ್ತೇನೆ. ಒಟಿಟಿಯವರು ಹೇಳುವ ಕಾರಣವನ್ನು ಮಂಡಳಿ ಥಿಯೇಟರಿನ ಚಿತ್ರಕ್ಕೂ ಹೇಳಲಿ. ಅದೇ ಚಿತ್ರ ಕೆಲವು ವಾರಗಳ ನಂತರ ಮನೆಗೆ ಬಂದಾಗ ಮೂಲೆಯಲ್ಲಿ ಕಾರಣ ಕಾಣುತ್ತದೆ, ಥಿಯೇಟರಿನಲ್ಲಿ ಕಾಣುವುದಿಲ್ಲ ಎಂಬುದಕ್ಕೆ ಅರ್ಥವಿಲ್ಲ. ಚಿತ್ರ ನೋಡಿದ ಸದಸ್ಯರಿಗೆ ಕಾರಣ ಹೇಗೂ ಗೊತ್ತಿರುತ್ತದೆ. ಅದನ್ನು ಪೋಸ್ಟರಿನ ಮೇಲೆ, ಟಿಕೆಟ್ಟಿನ ಮೇಲೆ, ಆ್ಯಪಿನಲ್ಲಿ, ಚಿತ್ರದ ಭಾಷೆಯಲ್ಲೇ ಹಾಕಲಿ. ‘ರಕ್ತಪಾತ ಹೆಚ್ಚು’, ‘ದೆವ್ವದ ಮುಖ ಹತ್ತಿರದಿಂದ ಕಾಣುತ್ತದೆ’, ‘ಮಗುವನ್ನು ಅಪಹರಿಸುವ ದೃಶ್ಯವಿದೆ’, ‘ನಾಯಿ ಸಾಯುತ್ತದೆ’ ಎಂದು ನಾಲ್ಕೈದು ಪದ. ಕೊನೆಯದಕ್ಕೆ ಕೆಲವರು ನಗುತ್ತಿದ್ದೀರಿ. ಹೀರೋ ನೂರು ಜನರನ್ನು ಕೆಡವಿದಾಗ ಚಪ್ಪಾಳೆ ತಟ್ಟಿದ ಮಕ್ಕಳು ನಾಯಿ ಸತ್ತ ಮೇಲೆ ಮನೆ ಮುಟ್ಟುವವರೆಗೆ ಅಳುತ್ತಾರೆ. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಸಮಾಧಾನ ಮಾಡುತ್ತ ಬಂದವರು ಈ ಸಭೆಯಲ್ಲೇ ಇದ್ದಾರೆ, ಕೇಳಿ ನೋಡಿ.